ಬ್ಯಾಟರಿಗೆ ಶುದ್ಧ ನೀರು

ಆ ಮೋಟಾರ್‌ಸೈಕಲ್ ಕೊಟ್ಟ ಕಾಟವನ್ನು ನೆನೆದರೆ ನನಗೆ ಈಗಲೂ ಸುಸ್ತಾಗುತ್ತದೆ. ಐವತ್ತರ ದಶಕದ ಮೊದಲ ವರ್ಷಗಳು. ಔಷಧಿ ಕಂಪನಿಯೊಂದರ ಪರವಾಗಿ ಡಾಕ್ಟರುಗಳನ್ನು ಕಂಡು ಬರುವ ಕೆಲಸ ಸಿಕ್ಕಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಬೆಳಿಗ್ಗೆ ಚಾಮರಾಜಪೇಟೆಯ ಮನೆ ಬಿಟ್ಟರೆ ಮಲ್ಲೇಶ್ವರ, ಮತ್ತಿಕೆರೆ, ಯಲಹಂಕ ಎಲ್ಲ ಸುತ್ತಬೇಕು. ಅದಕ್ಕೆಂದು ಕೊಂಡ ಹಳೆಯ ಗಾಡಿಯಲ್ಲಿ ಇಂಜಿನ್ನಿಗೆ ಕಿಡಿ ಕೊಡುವುದೂ ಬ್ಯಾಟರಿಯೇ. ಅದು ಕೈಕೊಟ್ಟರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು.

ನಿಂತದ್ದು ಒಂದೆರಡು ಸಲವಲ್ಲ. ಮೊದಲ ದಿನ ಹಾರ್ನಿನ ಗಂಟಲು ಕಟ್ಟುತ್ತಿತ್ತು, ಮರುದಿನ ಇಂಜಿನ್ ಕೆಮ್ಮುತ್ತಿತ್ತು, ಮೂರನೆಯ ದಿನ ನಾನು ಟೈ ಕಟ್ಟಿಕೊಂಡು ಶ್ರೀರಾಂಪುರದ ಏರಿನಲ್ಲಿ ಗಾಡಿ ತಳ್ಳುತ್ತಿದ್ದೆ. ಉಪ್ಪಾರಪೇಟೆಯ ಮೆಕ್ಯಾನಿಕ್ ವಯಸ್ಸಾದವರು, ನಿಧಾನಿ. ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೊ ಬಿಚ್ಚಿ ಬ್ರಶ್ ಬದಲಾಯಿಸಿದರು. ಇನ್ನೊಮ್ಮೆ ಅದರ ತಂತಿಯನ್ನೇ ಹೊಸದಾಗಿ ಸುತ್ತಿಸಿದರು. ಬ್ಯಾಟರಿಯ ಕರೆಂಟು ವಾಪಸು ಹರಿಯದಂತೆ ತಡೆಯುವ ಕಟ್‌ಔಟನ್ನು ಉಜ್ಜಿ ಕೂರಿಸಿದರು. ಬ್ಯಾಟರಿಯನ್ನೂ ಮೇಲಿಂದ ಮೇಲೆ ಹೊಸದು ಹಾಕಿದರು. ಪ್ರತಿ ಸಲವೂ ಎರಡು ಮೂರು ತಿಂಗಳು ಸುಮ್ಮನಿದ್ದು ಮತ್ತೆ ಅದೇ ರಾಗ. ಇನ್ನೊಂದು ದಿನ ತಪ್ಪಿಸಿದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಹಾಕುತ್ತೇನೆ ಎಂದು ಮ್ಯಾನೇಜರು ತಣ್ಣಗೆ ಹೇಳಿಬಿಟ್ಟರು. ಮನೆಯಲ್ಲಿದ್ದದ್ದು ಅವ್ವ ಮತ್ತು ನಾನು, ದುಡಿಯುವವನು ನಾನೊಬ್ಬನೇ. ನನಗೆ ಭಯವಾಗಿತ್ತು, ಭಯಪಟ್ಟು ಭಯಪಟ್ಟು ಬೇಸರವೂ ಬಂದಿತ್ತು.

ಬ್ಯಾಟರಿಯೊಳಗಿನ ನೀರು ಇಂಗುತ್ತಿರುತ್ತದೆ, ವಾರಕ್ಕೊಮ್ಮೆ ಶುದ್ಧ ನೀರು ಹಾಕಿ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದರು. ಅದನ್ನು ನಾನು ಅವ್ವನಿಗೆ ಒಪ್ಪಿಸಿದ್ದೆ. ನಾನು ಮರೆಗುಳಿ, ಅವಳು ಯಾವುದನ್ನೂ ಮರೆಯುವವಳಲ್ಲ. ಶುದ್ಧ ನೀರು ಎಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಅವ್ವ ಸ್ನಾನ ಮಾಡಿ, ಯಾರನ್ನೂ ಮುಟ್ಟದೆ ಬಾವಿಯಿಂದ ಸೇದಿ, ಬಿಳಿ ಬಟ್ಟೆಯಲ್ಲಿ ಸೋಸಿ, ಲಿಂಗಪೂಜೆಗೆಂದು ತಾಮ್ರದ ಬಿಂದಿಗೆಯಲ್ಲಿ ಮುಚ್ಚಿಡುತ್ತಿದ್ದ ಅಗ್ಘವಣಿ. ಅದನ್ನು ನನಗೆ ಕುಡಿಯಲು ಕೂಡ ಕೊಡುತ್ತಿರಲಿಲ್ಲ. ಪ್ರತಿ ಸೋಮವಾರ ಪೂಜೆ ಮುಗಿಸಿ ಅದರಲ್ಲೇ ಒಂದು ಲೋಟ ತಂದು, ಬ್ಯಾಟರಿಯ ಮೂರು ಬಿರಡೆ ತೆಗೆದು, ಬಗ್ಗಿ ಭಕ್ತಿಯಿಂದ ಎರೆಯುತ್ತಿದ್ದಳು. ಗಾಡಿ ಕೆಟ್ಟ ವಾರ ಎರಡು ಸಲ ಎರೆಯುತ್ತಿದ್ದಳು.

ನಾಲ್ಕನೆಯ ಬ್ಯಾಟರಿಯೂ ಚಾರ್ಜ್ ಹಿಡಿಯದೆ ಹೋದಾಗ ಮೆಕ್ಯಾನಿಕ್ ಡೈನಮೊ ಮುಟ್ಟಲಿಲ್ಲ. ಯಾವ ನೀರು ಹಾಕುತ್ತಿದ್ದೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ಆ ನೀರನ್ನು ಒಂದು ಶೀಸೆ ತರಲು ಹೇಳಿದರು. ಮರುದಿನ ಒಯ್ದಾಗ ಕಾದ ತಗಡಿನ ಮೇಲೆ ನಾಲ್ಕು ಹನಿ ಬಿಟ್ಟರು. ನೀರು ಆರಿ ಹೋಗಿ ಸುಣ್ಣದಂಥ ಬಿಳಿ ಕಲೆ ಉಳಿಯಿತು.

“ಇದು ದೇವರಿಗೆ ಶುದ್ಧ ಸ್ವಾಮಿ, ಬ್ಯಾಟರಿಗಲ್ಲ. ಅದ್ಕೆ ಬಟ್ಟಿ ಇಳ್ಸಿದ್ ನೀರು ಬೇಕು,” ಎಂದರು. ತಾವು ಮೊದಲೇ ಬಿಡಿಸಿ ಹೇಳಬೇಕಿತ್ತು ಎಂದೂ ಒಪ್ಪಿಕೊಂಡರು.

ಇಂಜೆಕ್ಷನ್ನಿಗೆ ಬೆರೆಸುವ ಆ ನೀರಿನ ಸಣ್ಣ ಶೀಸೆಗಳು ನನ್ನ ಚೀಲದಲ್ಲೇ ಇದ್ದವು. ಅದರ ಶುದ್ಧತೆಯ ಬಗ್ಗೆ ಡಾಕ್ಟರುಗಳ ಮುಂದೆ ದಿನವೂ ಭಾಷಣ ಬಿಗಿಯುತ್ತಿದ್ದವನು ನಾನೇ. ನನ್ನ ಪೆದ್ದುತನದ ಮೇಲೆ ಬಂದ ಸಿಟ್ಟನ್ನು ಹಾಗೇ ಮನೆಗೆ ಹೊತ್ತು ತಂದೆ. ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು, “ನಿನ್ನ ನೀರಲ್ಲೇ ಕೊಳೆ ಇದೆ ಅವ್ವ. ಬ್ಯಾಟರಿ ಎಲ್ಲಾ ತಿಂದಿದ್ದು ಅದೇ,” ಎಂದೆ.

ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. ಮಗನ ನೌಕರಿಗೆ ಕುತ್ತು ತಂದೆನಲ್ಲ ಎಂದು ಅಳುತ್ತಾಳೇನೋ ಅಂದುಕೊಂಡೆ. ಅವಳು ಅಳಲಿಲ್ಲ.

“ಹಂಗಾದ್ರೆ ಇಷ್ಟು ವರ್ಷ ಲಿಂಗಕ್ಕೆ ನಾನು ಏನ್ ಎರ್ದೆ ಮಗ?”

ಮೆಕ್ಯಾನಿಕ್ ಆಡಿದ ಮಾತಿನ ಮೊದಲರ್ಧವನ್ನು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ದಿನವಿಡೀ ಓಡಾಡಿ ದಣಿದಿದ್ದೆ, ಹಸಿವಾಗಿತ್ತು, ಊಟಕ್ಕೆ ಕೂತೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಬಟ್ಟಿ ಇಳಿಸಿದ ನೀರು ಹಾಕಿದ ಮೇಲೆ ಬ್ಯಾಟರಿ ಕೆಡಲಿಲ್ಲ, ನೌಕರಿಯೂ ಖಾಯಂ ಆಯಿತು. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಪೂಜೆಗೆ ಕೂರುವ ಮುಂಚೆ ಮಾತ್ರ ಲೋಟದ ನೀರನ್ನು ಕಿಟಕಿಯ ಬೆಳಕಿಗೆ ತಂದು, ಬಗ್ಗಿ, ಬಹಳ ಹೊತ್ತು ಏನನ್ನೋ ಹುಡುಕುತ್ತಿದ್ದಳು. ಬದುಕಿದ್ದಷ್ಟು ದಿನವೂ ಹುಡುಕಿದಳು. ನಾನು ಕಂಡೂ ಕಾಣದವನ ಹಾಗೆ ಹೊರಗೆ ಹೋಗುತ್ತಿದ್ದೆ, ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತಿತ್ತು.