ಮೂವರು ಅತ್ತೆಯರು, ಮೂರು ಬಣ್ಣ

ಪಾಸಾದೆ, ಗೆಳೆಯರೇ. ಕನ್ನಡ ಬಿ.ಎ. ಮುಗಿಸಿ ಎಂಸಿಎ ಸೇರಿದ ನನಗೆ ಇವತ್ತು ಗ್ರಾಫ್ ಥಿಯರಿ ಎಂಬ ಚುಕ್ಕಿ-ಗೆರೆಗಳ ಗಣಿತದಲ್ಲಿ ಎರಡನೇ ಸಲದ ವೈವಾ ಇತ್ತು.

"ಗೆರೆಯಿಂದ ಕೂಡಿದ ಎರಡು ಚುಕ್ಕಿಗೆ ಒಂದೇ ಬಣ್ಣ ಬರಬಾರದು. ಇದಕ್ಕೊಂದು ಉದಾಹರಣೆ ಹೇಳಮ್ಮ" ಎಂದರು ಪರೀಕ್ಷಕರು. ಓದಿದ್ದೆಲ್ಲ ಮರೆತುಹೋಯಿತು.

"ನಮ್ಮನೆ ಊಟದ ಪಂಕ್ತಿ ಸಾರ್" ಎಂದುಬಿಟ್ಟೆ. "ಒಬ್ಬೊಬ್ರು ನೆಂಟರೂ ಒಂದೊಂದು ಚುಕ್ಕಿ. ಮಾತು ಬಿಟ್ಟೋರ ಮಧ್ಯೆ ಗೆರೆ. ಅವರನ್ನ ಒಂದೇ ಪಂಕ್ತೀಲಿ ಕೂರಿಸಂಗಿಲ್ಲ. ಒಂದೊಂದು ಪಂಕ್ತಿ ಒಂದೊಂದು ಬಣ್ಣ."

"ಎಷ್ಟು ಪಂಕ್ತಿ ಬೇಕು?"

"ಮೂರು ಸಾರ್."

"ಎರಡಕ್ಕೇ ಮುಗಿಸೋಕಾಗಲ್ವಾ?"

"ಆಗಲ್ಲ ಸಾರ್. ದೊಡ್ಡಬಳ್ಳಾಪುರದಲ್ಲಿ ಮೂರು ಜನ ಸೋದರತ್ತೆಯರಿದ್ದಾರೆ. ಒಬ್ರಿಗೊಬ್ರು ಮಾತಾಡಲ್ಲ."

ಅವರು ನಕ್ಕು, "ನಮ್ಮನೇಲಿ ನಾಲ್ಕು ಬೇಕಮ್ಮ. ಪಾಸು, ಹೋಗು" ಎಂದರು.

ಮೈಸೂರುಪಾಕು ತಂದಿದ್ದೇನೆ. ಅತ್ತೆಯರನ್ನು ಒಟ್ಟಿಗೆ ಕರೆಯುವಂತಿಲ್ಲ. ಮೂರು ಮನೆಗೂ ಹೋಗಿ, ಮೂರು ಸಲವೂ "ಮೊದ್ಲು ನಿನಗೇ ಕೊಡ್ತಿರೋದು ಅತ್ತೆ" ಎನ್ನಬೇಕು.