ಗೇಟಿನಾಗ ಹಿಡೀಲಾರದ ಬೋಟು

ರೇಸಿಗೆ ಹೊಸಾ ನಮೂನಿ ಕ್ಯಾಟಮರಾನ್ ಮಾಡೂಣಂತ ನಾನು, ನನ್ನ ದೋಸ್ತ ಫೈಯಾಜ್ ಕೂಡಿ ಹೊಂಟಿದ್ವಿ ನೋಡ್ರಿ! ಕ್ಯಾಟಮರಾನ್ ಅಂದ್ರ ಎರಡು ಸಪೂರ ದೋಣಿ, ನಡುವ ಅಡ್ಡಪೈಪು, ಮ್ಯಾಲೆ ಹಾಯಿ. ನಮ್ಮ ರೇಸಿನಾಗ ಎಲ್ಲಾರ ಬೋಟೂ ಒಂದ ಅಳತಿ, ಗೆಲ್ಲೂದು ಓಡಸಾವನ ಕೈಚಳಕದಿಂದ ಅಷ್ಟ. ಮುಲುಂಡದಾಗ ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನ್ಯಾಗ ಮೊದಲನೇದು ಕಟ್ಟಿದ್ವಿ. ಮರುದಿನ ಸೇಲಿಂಗ್ ಕ್ಲಬ್ಬಿನವರಿಗೆ ಓಡಿಸಿ ತೋರಸಬೇಕಿತ್ತು. ಅವರು ಹೂಂ ಅಂದ್ರನ ಇಂಥಾವ ಇನ್ನೊಂದಿಷ್ಟು ಕಟ್ಟೂದು, ಇಲ್ಲಂದ್ರ ಖತಮ್!

ತೋರಸೂದರ ಹಿಂದಿನ ದಿನ ಮುಂಜಾನೆ ಎತ್ತಿಕೊಂಡು ಹೊಂಟ್ರ, ಬೋಟು ಗೇಟಿನಾಗ ಹಿಡೀವಲ್ದು! ಎಲ್ಲಾ ಅಳದಿದ್ವಿ, ಗೇಟೊಂದು ಬಿಟ್ಟು! ಮಗ್ಗಲಾ ಮಾಡಿದ್ರ ಮ್ಯಾಲಿನ ಕಮಾನು ಅಡ್ಡ. ಫೈಯಾಜ್ ಅಲ್ಲೇ ಕುಂತಬಿಟ್ಟ, ಕಣ್ಣಾಗ ನೀರು.

ಅಷ್ಟರಾಗ ಸೊಸೈಟಿ ಸೆಕ್ರೆಟರಿ ದೇಸಾಯಿ ಕಾಕಾ ಬಂದ್ರು. ಪಾರ್ಕಿಂಗ್‌ನ್ಯಾಗ ಬೋಟು ಕಟ್ಟಾಕ ಪರ್ಮಿಶನ್ ಕೊಟ್ಟವ್ರೂ ಅವರ, ನಮ್ಮ ಗರಗಸದ ಸಪ್ಪಳಕ್ಕ ದಿನಾ ಬೈತಿದ್ದವ್ರೂ ಅವರ.

"ಏನ್ರೋ, ಅಡ್ಡಪೈಪು ಕೊಯ್ದ್ರ ಬೋಟು ಸಾಯ್ತದೇನು?"

"ಇಲ್ಲ ಕಾಕಾ, ಒಳಗ ಸಣ್ಣ ಪೈಪ್ ತೂರಿಸಿ ಬೋಲ್ಟ್ ಹಾಕಿ ಮತ್ತ ಕೂಡಸಬಹುದು."

"ಮತ್ಯಾಕ ಅಳ್ತೀರಿ? ಕೊಯ್ರಿ. ಇವತ್ತ ನಾ ಬಯ್ಯಂಗಿಲ್ಲ."

ಕೊಯ್ದ್ವಿ. ಕಾಕಾ ತಾವ ಪೈಪ್ ಹಿಡಕೊಂಡು ನಿಂತಿದ್ರು! ಮರುದಿನ ಕ್ಲಬ್ಬಿನವರಿಗೆ ಬೋಟಿನ ಓಟಕ್ಕಿಂತ ಅದು ಬಿಚ್ಚಿ ಟೆಂಪೋದಾಗ ಹಿಡಿಯೂದ ಜಾಸ್ತಿ ಸೇರಿತು. ಹೂಂ ಅಂದ್ರು! ಈಗ ನಮ್ಮ ರೇಸಿನ ಮೊದಲನೇ ನಿಯಮನ ಅದು: ಬಿಚ್ಚಾಕ ಬರಲಾರದ ಬೋಟು ನಡ್ಯಂಗಿಲ್ಲ.

ಅವತ್ತ ಸಂಜಿಗೆ ಕುಣಕೋತ ಬಂದು ಬಿಚ್ಚಿದ ಬೋಟು ಪಾರ್ಕಿಂಗ್‌ನ್ಯಾಗ ಇಟ್ವಿ. ಕಾಕಾ ಕನ್ನಡಕ ಏರಿಸಿ ನೋಡಿದ್ರು.

"ಅಲ್ರೋ, ನಾ ಒಂದ ಬೋಟಿಗೆ ಪರ್ಮಿಶನ್ ಕೊಟ್ಟಿದ್ದು. ಇಲ್ಲಿ ಎರಡು ಕಾಣಸ್ತಾವಲ್ಲ!"