ಅದಲು ಬದಲಾದ ಎರಡು ವೈರು

ಕೌಜಲಗಿಯ ಅರ್ಚನಾ ಮೂಡಲಗಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆರು ವರ್ಷ ಬೆಸುಗೆ ಹಾಕಿದವಳು. ಅವಳ ಕೈ ನಡುಗುವುದಿಲ್ಲ ಎಂದು ಕೇಳಿ ಗೋಕಾಕದ ಇಂಜಿನಿಯರಿಂಗ್ ಕಾಲೇಜೊಂದು ಲ್ಯಾಬಿಗೆ ಕರೆದುಕೊಂಡಿತು. ಅಲ್ಲಿ ವಿದ್ಯಾರ್ಥಿಗಳು ಪುಟ್ಟ ಉಪಗ್ರಹ ಕಟ್ಟುತ್ತಿದ್ದರು. ಅದರ ಆರೂ ಮುಖಗಳಿಗೆ ಅಂಗಿಯ ಗುಂಡಿಯಷ್ಟು ಚಿಕ್ಕ ಸನ್ ಸೆನ್ಸರ್ ಕೂಡಿಸುವ ಕೆಲಸ ಅವಳದು. ಯಾವ ಸೆನ್ಸರಿನ ಮೇಲೆ ಎಷ್ಟು ಬಿಸಿಲು ಬಿದ್ದಿದೆ ಎಂಬುದರಿಂದ ಸೂರ್ಯ ಎಲ್ಲಿದ್ದಾನೆ, ತಾನು ಎತ್ತ ಮುಖ ಮಾಡಿದ್ದೇನೆ ಎಂದು ಉಪಗ್ರಹ ಲೆಕ್ಕ ಹಾಕುತ್ತದೆ.

ಉಪಗ್ರಹವನ್ನು ಉಡಾವಣೆಗೆ ಒಯ್ದು ವಾರವಾಗಿತ್ತು. ಕಾಲೇಜಿನಲ್ಲಿ ತೋರಿಸಲೆಂದು ಅರ್ಚನಾ ಅಂಥದೇ ಇನ್ನೊಂದನ್ನು ಜೋಡಿಸಿ ಬಿಸಿಲಿಗೆ ಹಿಡಿದಳು. ಸೂರ್ಯ ಎಡಕ್ಕಿದ್ದರೆ ಕಂಪ್ಯೂಟರ್ ಬಲಕ್ಕೆ ತೋರಿಸಿತು. ಎರಡು ವೈರು ಅದಲು ಬದಲಾಗಿದ್ದವು. ಮೊದಲನೆಯದರ ಫೋಟೊ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದರೆ ಅದರಲ್ಲೂ ಹಾಗೆಯೇ. ಈ ಮಾತು ಇನ್ನಾರಿಗೂ ಗೊತ್ತಿರಲಿಲ್ಲ.

ಅಂದು ರವಿವಾರ. ಫೋನಿನಲ್ಲಿ ಹೇಳಲು ಬಾಯಿ ಬರದೆ, ಬಸ್ಸು ಹಿಡಿದು ಹತ್ತರಗಿಯಲ್ಲಿದ್ದ ಪ್ರಾಧ್ಯಾಪಕ ಅಭಿನಂದನರ ಮನೆಗೆ ಹೋದಳು. ಉಪಗ್ರಹದ ಜವಾಬ್ದಾರಿಯೆಲ್ಲ ಅವರದೇ. ಅವರ ತಾಯಿ ಜಿನ್ನವ್ವ ಕೊಟ್ಟ ನೀರಿನ ತಂಬಿಗೆ ಕೈಯಲ್ಲೇ ಉಳಿಯಿತು.

"ಸರ್, ಎಡಕಿನ ಸೆನ್ಸರ್ ವೈರ್ ಬಲಕ್ಕ, ಬಲಕಿಂದು ಎಡಕ್ಕ ಹಚ್ಚೇನ್ರಿ. ನಂದ ತಪ್ಪ."

"ಖರೇನ? ಟೆಸ್ಟಿನ್ಯಾಗ ಎಲ್ಲಾ ಬರೋಬ್ಬರಿ ಬಂದಿತ್ತಲ್ಲ?"

"ಬೆಳಕು ಬಿದ್ದಾಗ ನಂಬರ್ ಏರತೈತೇನು ಅಂತಷ್ಟ ನೋಡಿದ್ವಿರಿ. ಯಾವ ಬಾಜೂದು ಏರತೈತಿ ಅಂತ ನೋಡಲಿಲ್ರಿ."

ಅಭಿನಂದನ ಅವಳ ಮೊಬೈಲಿನಲ್ಲಿದ್ದ ಫೋಟೊ ದೊಡ್ಡದು ಮಾಡಿ ನೋಡಿದರು. "ಅದನ್ನ ನೋಡಬೇಕಾದಾಂವ ನಾ. ಮೊದಲ ನೀರು ಕುಡೀರಿ," ಎಂದರು.

ಉಪಗ್ರಹದ ಹೊರಕವಚ ಮುಚ್ಚಿಯಾಗಿತ್ತು, ಒಳಗಿನ ವೈರು ಬದಲಿಸುವಂತಿರಲಿಲ್ಲ. ಆದರೆ ಕೇಬಲ್ ಹಚ್ಚಿ ಪ್ರೋಗ್ರಾಂ ತಿದ್ದಲು ಇನ್ನೂ ಎರಡು ದಿನವಿತ್ತು. ಉಡಾವಣೆಯ ಜಾಗದಲ್ಲಿದ್ದ ವಿದ್ಯಾರ್ಥಿನಿ ದೀಪಾಳಿಗೆ ಅಭಿನಂದನ ಆಗಲೇ ಫೋನ್ ಮಾಡಿದರು. ಅವಳು ಪ್ರೋಗ್ರಾಮಿನಲ್ಲಿ ಎಡ ಬಲದ ಹೆಸರು ಬದಲಿಸಿ, ಒಂದೊಂದೇ ಬದಿಗೆ ಬೆಳಕು ಹಿಡಿದು ನೋಡಿದಳು. ಈ ಸಲ ಸರಿಯಿತ್ತು.

ಕಾಲೇಜಿನಲ್ಲಿ ಸುದ್ದಿ ಹಬ್ಬಿತು. ಇಬ್ಬರು ಹುಡುಗರು ವಾರಗಟ್ಟಲೆ ಅರ್ಚನಾಳನ್ನು ಮಾತಾಡಿಸಲಿಲ್ಲ. ಅವಳು ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿದ್ದಳು.

ಉಪಗ್ರಹ ಮೇಲೇರಿದ ಮೂರನೆಯ ದಿನ ಆರು ಸೆನ್ಸರುಗಳ ಅಂಕಿಗಳು ಬಂದವು. ಗಿರಗಿರನೆ ತಿರುಗುತ್ತಿದ್ದ ಅದು ನಿಧಾನಕ್ಕೆ ನಿಂತು, ಸೋಲಾರ್ ಹಲಗೆಯನ್ನು ಬಿಸಿಲಿಗೆ ಒಡ್ಡಿತ್ತು. ಮಧ್ಯಾಹ್ನ ಕುರಿ ಮೇಯಿಸುತ್ತಿದ್ದ ಅಪ್ಪ ಬೀರಸಿದ್ದಪ್ಪನ ಫೋನ್ ಬಂತು.

"ಏನಾತವ್ವ ನಿಮ್ಮದು?"

"ಸೂರ್ಯಾನ ಕಡೆ ಮಾರಿ ಮಾಡೇತಿ, ಅಪ್ಪಾ."

"ಹಂಗಾರ ಉಣ್ಣು ಹೋಗು," ಎಂದ ಅವನು.